ಮೀನು ಹಿಡಿಯುವವರ ಕ್ಲಬ್ಬಿನ ಗೇಟಿಗೆ ಕೀ ಬೀಗವೋ, ನಂಬರ್ ಲಾಕೋ: ಎರಡನ್ನೂ ವರ್ಷಗಟ್ಟಲೆ ಬಳಸಿದವನ ಮಾತು

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಒಳಗೆ ಹೋಗುವ ಗೇಟಿಗೆ ಕೀ ಇರುವ ಬೀಗವೇ ಬೇಕು. ಅದೂ ಬೀಗ ಹಾಕುವ ತನಕ ಕೀ ಹೊರಗೆ ಬರದಂಥ ಬೀಗ. ನಡೆದುಕೊಂಡು ಹೋಗುವ ಸಣ್ಣ ಗೇಟಿಗೆ ನಂಬರ್ ಲಾಕ್ ನಡೆಯುತ್ತದೆ. ಆದರೆ ನಂಬರನ್ನು ಆಗಾಗ ಬದಲಾಯಿಸುವ ಶ್ರದ್ಧೆ ಇರುವವರು ಒಬ್ಬರಾದರೂ ಕಮಿಟಿಯಲ್ಲಿರಬೇಕು. ಫೋನಿನಿಂದ ತೆರೆಯುವ ಬ್ಲೂಟೂತ್ ಬೀಗದ ಸಹವಾಸ ಬೇಡ.

ಈಗ ವಿವರ. ನಾನಿರುವುದು ಇಂಗ್ಲೆಂಡಿನ ವೂಸ್ಟರ್ ಕಡೆ. ಸೆವರ್ನ್ ನದಿ ಊರಿನ ಮಧ್ಯದಲ್ಲೇ ಹರಿಯುತ್ತದೆ. ಇಲ್ಲಿ ಗಾಳ ಹಾಕಬೇಕಾದರೆ 13 ವರ್ಷ ತುಂಬಿದವರೆಲ್ಲರಿಗೂ ಎನ್ವಿರಾನ್‌ಮೆಂಟ್ ಏಜೆನ್ಸಿಯ ರಾಡ್ ಲೈಸೆನ್ಸ್ ಬೇಕು. ಲೈಸೆನ್ಸ್ ಇದೆ ಅಂತ ಸಿಕ್ಕಲ್ಲಿ ಕೂರುವಂತಿಲ್ಲ. ಸಮುದ್ರದ ಉಬ್ಬರ ತಲುಪದ ನದಿ ಭಾಗದಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ದಡದ ಜಮೀನಿನವರದು. ಕ್ಲಬ್ಬುಗಳು ಆ ಹಕ್ಕನ್ನು ರೈತರಿಂದ ಗುತ್ತಿಗೆಗೆ ಪಡೆಯುತ್ತವೆ. ಹಾಗಾಗಿ ಗೇಟು ರೈತನದು, ಗೇಟಿನಾಚೆ ಮೇಯುವ ದನಗಳೂ ಅವನವೇ. ಕ್ಲಬ್ಬಿನ ಗೇಟಿನ ಬೀಗ ಅಂದ ಕೂಡಲೇ ಎಲ್ಲರೂ ಕಳ್ಳರ ಬಗ್ಗೆ ಯೋಚಿಸುತ್ತಾರೆ. ನಿಜವಾದ ತಲೆನೋವು ದನಗಳದ್ದು.

ನಾನು ಸೇರಿರುವ ಕ್ಲಬ್ಬಿಗೆ ಇಂಥ ಎರಡು ಜಾಗ ಇವೆ. ಒಂದು ನದಿ ದಡ, ಇನ್ನೊಂದು ಕೆರೆ. ನದಿಯಲ್ಲಿ ಮಾರ್ಚ್ 15ರಿಂದ ಜೂನ್ 15ರ ತನಕ ಮೀನಿನ ಸಂತಾನದ ಕಾಲ ಅಂತ ಗಾಳ ಹಾಕುವಂತಿಲ್ಲ. ಹೆಚ್ಚಿನ ಕೆರೆಗಳಿಗೆ ಆ ನಿಯಮ 1995ರಿಂದ ಇಲ್ಲ, ಆದ್ದರಿಂದ ಕೆರೆಯ ಗೇಟು ವರ್ಷವಿಡೀ ತೆರೆದು ಮುಚ್ಚುತ್ತಲೇ ಇರುತ್ತದೆ. ನದಿಯಲ್ಲಿ ಮುಖ್ಯವಾಗಿ ಬಾರ್ಬೆಲ್ ಸಿಗುತ್ತದೆ, ನಮ್ಮ ಕಾವೇರಿಯ ಮಹಶೀರ್‌ನ ದೂರದ ನೆಂಟ. ನಾನು ಕರ್ನಾಟಕದವನು ಅಂತ ಗೊತ್ತಾದರೆ ಸಾಕು, ಕ್ಲಬ್ಬಿನ ಹಿರಿಯರು ಗಾಳ ಬಿಟ್ಟು ಗಾಲಿಬೋರೆ, ಭೀಮೇಶ್ವರಿ ಅಂತ ಶುರು ಮಾಡುತ್ತಾರೆ. ಒಂದು ಕಾಲದಲ್ಲಿ ಇಲ್ಲಿಂದ ಅಲ್ಲಿಗೆ ಹೋಗಿ ಮಹಶೀರ್ ಹಿಡಿದು, ತೂಗಿ, ವಾಪಸ್ ಬಿಟ್ಟು ಬರುತ್ತಿದ್ದವರು ಬಹಳ ಜನ ಇದ್ದರು. ಇರಲಿ, ಬೀಗಕ್ಕೆ ಬರೋಣ.

ನಾನು ಸೇರಿದಾಗ ಎರಡೂ ಗೇಟಿಗೆ ಹಳೇ ಹಿತ್ತಾಳೆ ಬೀಗ, ಎರಡಕ್ಕೂ ಒಂದೇ ಕೀ. ಸಣ್ಣದೊಂದು ಡೆಪಾಸಿಟ್ ಕಟ್ಟಿದರೆ ಕೀ ಕೈಗೆ. ಕ್ಲಬ್ ಬಿಡುವಾಗ ಕೀ ವಾಪಸ್ ಕೊಟ್ಟು ದುಡ್ಡು ತಗೊಂಡು ಹೋಗಬೇಕು. ಆ ದುಡ್ಡಿಗೋಸ್ಕರ ಯಾರು ಮತ್ತೆ ಬರುತ್ತಾರೆ? ಜೊತೆಗೆ ಇಲ್ಲಿ ಬೂಟು ರಿಪೇರಿ ಅಂಗಡಿಯವರೇ ಕೀ ಕೂಡ ಮಾಡಿಕೊಡುತ್ತಾರೆ. ಒಂದು ಕಾಫಿ ಕುಡಿಯುವಷ್ಟರಲ್ಲಿ ಡುಪ್ಲಿಕೇಟ್ ರೆಡಿ. ಭಾವಮೈದನಿಗೊಂದು, ಪಕ್ಕದ ಮನೆಯವನಿಗೊಂದು. ಹೊರಗೆ ಒಟ್ಟು ಎಷ್ಟು ಕೀ ಇವೆ ಅಂತ ಸೆಕ್ರೆಟರಿಗೂ ಗೊತ್ತಿರಲಿಲ್ಲ. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು, ನೀಲಿ ರಟ್ಟಿನದು. ಅದರಲ್ಲಿ ತೀರಿಕೊಂಡವರ ಹೆಸರಿನ ಮುಂದೆಯೂ ಕೀ ನಂಬರ್ ಹಾಗೇ ಇತ್ತು. ಮನೆಯವರ ಹತ್ತಿರ ಹೋಗಿ ಕೀ ಕೇಳೋದು ಹೇಗೆ, ಪಾಪ!

ಈ ರಗಳೆ ಸಾಕಾಗಿ ವಾರ್ಷಿಕ ಸಭೆಯಲ್ಲಿ ನಂಬರ್ ಲಾಕ್ ತರೋಣ ಅಂತ ತೀರ್ಮಾನ ಆಯಿತು. ನಾಲ್ಕು ಚಕ್ರದ ಬೀಗ, ಲೆಕ್ಕದಲ್ಲಿ 10,000 ನಂಬರ್ ಸಾಧ್ಯ. ಡೆಪಾಸಿಟ್ ಇಲ್ಲ, ನೋಟ್‌ಬುಕ್ ಇಲ್ಲ. ಹೊಸ ನಂಬರ್ ಮೆಂಬರ್‌ಶಿಪ್ ಕಾರ್ಡಿನ ಜೊತೆ ಬರುತ್ತದೆ. ಮೊದಲ ವರ್ಷ ಎಲ್ಲರೂ ಖುಷಿ. ಕೀ ಮನೆಯಲ್ಲೇ ಮರೆತು ಅರ್ಧ ದಾರಿಯಿಂದ ವಾಪಸ್ ಹೋಗುವ ಕಾಟ ತಪ್ಪಿತಲ್ಲ ಅಂತ ನನಗೂ ಸಮಾಧಾನ.

ತೊಂದರೆ ಬೀಗದ್ದಲ್ಲ, ಅದನ್ನು ಬಳಸುವವರದ್ದು. ಬೀಗ ಹಾಕಿದ ಮೇಲೆ ನಾಲ್ಕೂ ಚಕ್ರ ತಿರುಗಿಸಿ ಕಲಸಬೇಕು. ಜನ ಏನು ಮಾಡುತ್ತಾರೆ? ಕೊನೆಯ ಚಕ್ರವನ್ನು ಹೆಬ್ಬೆರಳಿನಿಂದ ಒಂದು ಅಂಕಿ ಆಚೆ ತಳ್ಳಿ ಹೊರಡುತ್ತಾರೆ. ವಾಪಸ್ ಬಂದಾಗ ತೆರೆಯೋದು ಸುಲಭ ಅಲ್ವಾ. ಹಾಗೆ ಬಿಟ್ಟ ಬೀಗವನ್ನು ಹೊರಗಿನವನು ತೆರೆಯಲು ಹತ್ತು ಸಾವಿರ ಸಲ ಪ್ರಯತ್ನಿಸಬೇಕಾಗಿಲ್ಲ. ಯಾವ ಚಕ್ರ ಸರಿದಿದೆ ಅಂತ ಗೊತ್ತಿಲ್ಲದಿದ್ದರೂ ಹೆಚ್ಚೆಂದರೆ 36 ಸಲ. ಇದಕ್ಕಿಂತ ಕೆಟ್ಟದ್ದು ಬೀಗವನ್ನು ತೆರೆದೇ ಸರಪಳಿಗೆ ನೇತು ಹಾಕಿ ಹೋಗೋದು. ಆಗ ನಾಲ್ಕೂ ಅಂಕಿ ಸಾಲಾಗಿ ಕಾಣುತ್ತಾ ನಿಂತಿರುತ್ತವೆ. ಸೆವರ್ನ್ ದಡದಲ್ಲಿ ಸೆವರ್ನ್ ವೇ ಅಂತ ಸಾರ್ವಜನಿಕ ಕಾಲುದಾರಿ ಇದೆ. ನಾಯಿ ಕರೆದುಕೊಂಡು ಬರುವವರು ನಮ್ಮ ಗೇಟಿನ ಪಕ್ಕದಲ್ಲೇ ನಡೆಯುತ್ತಾರೆ. ನಂಬರನ್ನು ಬೋರ್ಡ್ ಬರೆದು ಹಾಕಿದರೂ ಅಷ್ಟೇ, ಹೀಗೆ ಬಿಟ್ಟರೂ ಅಷ್ಟೇ.

ಆಮೇಲೆ ಯಾವ ನಂಬರ್ ಇಡೋದು ಅನ್ನೋದು. ಇಂಗ್ಲೆಂಡಿನಲ್ಲಿ ನೀವೇನಾದರೂ ಕ್ಲಬ್ ಕಮಿಟಿಯಲ್ಲಿದ್ದರೆ ದಯವಿಟ್ಟು 1606 ಇಡಬೇಡಿ. ಜೂನ್ 16 ನದಿ ತೆರೆಯುವ ದಿನ, ಗಾಳ ಹಿಡಿದ ಯಾವನಿಗಾದರೂ ಮೊದಲು ಹೊಳೆಯುವುದು ಅದೇ. ಹೇಸ್ಟಿಂಗ್ಸ್ ಯುದ್ಧದ 1066 ಕೂಡ ಬೇಡ. ಆ ಇಸವಿ ಗೊತ್ತಿಲ್ಲದ ಮಗು ಇಲ್ಲಿನ ಶಾಲೆಯಲ್ಲಿ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ನಂಬರ್ ಬಾಯಿಂದ ಬಾಯಿಗೆ ಹೋಗುತ್ತದೆ. ನನ್ನ ಗೆಳೆಯನೊಬ್ಬ ಕೊವೆಂಟ್ರಿಯಲ್ಲಿದ್ದಾನೆ, ಶಿವಮೊಗ್ಗದವನು, ಕ್ಲಬ್ಬಿನ ಮೆಂಬರ್ ಅಲ್ಲ. 'ನಂಬರ್ ಹೇಳೋ ಮಾರಾಯ, ಒಂದೇ ಒಂದು ಭಾನುವಾರ' ಅಂತ ವಾಟ್ಸಾಪ್ ಮಾಡಿದ. ಇಲ್ಲ ಅಂದರೆ ಜಿಪುಣ ಅನ್ನಿಸಿಕೊಳ್ಳಬೇಕು. ಕೀ ಆಗಿದ್ದರೆ 'ನನ್ನ ಹತ್ತಿರ ಇರೋದು ಒಂದೇ ಕಣೋ' ಅಂದು ಮಾತು ಮುಗಿಸಬಹುದಿತ್ತು. ಕೊಟ್ಟರೂ ವಾಪಸ್ ಇಸ್ಕೋಬಹುದಿತ್ತು. ಒಮ್ಮೆ ಹೇಳಿದ ನಂಬರನ್ನು ವಾಪಸ್ ಇಸ್ಕೊಳ್ಳೋಕೆ ಆಗಲ್ಲ. ಇಡೀ ಕ್ಲಬ್ಬಿಗೆ ಹೊಸ ನಂಬರ್ ಕೊಡಬೇಕು. ಹಾಗೆ ಕೊಟ್ಟಾಗಲೆಲ್ಲ ಇಮೇಲ್ ನೋಡದ ಹಿರಿಯರು ಬೆಳಗ್ಗೆ ಐದಕ್ಕೆ ಗೇಟಿನ ಮುಂದೆ ನಿಂತು ಸೆಕ್ರೆಟರಿಗೆ ಫೋನ್ ಮಾಡುತ್ತಾರೆ.

ಹೀಗಿರುವಾಗ ಒಂದು ಸಂಜೆ ಯಾರೋ ನದಿಯ ಗೇಟನ್ನು ಹಾಗೇ ಬಿಟ್ಟು ಹೋದರು. ಕಡಸುಗಳು ರಸ್ತೆಗೆ ಬಂದವು. ಪುಣ್ಯಕ್ಕೆ ಯಾವ ಕಾರಿಗೂ ಸಿಗಲಿಲ್ಲ. ರೈತ ಕಮಿಟಿಗೆ ಕಾಗದ ಬರೆದ: ಇನ್ನೊಂದು ಸಲ ಹೀಗಾದರೆ ಗುತ್ತಿಗೆ ಮುಗಿಯಿತು. ಬೈಗುಳ ಏನೂ ಇರಲಿಲ್ಲ, ಎರಡೇ ಸಾಲು. ಅದಕ್ಕೇ ಎಲ್ಲರಿಗೂ ಭಯ ಆಯಿತು.

ಆಗ ತಂದದ್ದು ಈಗಿನ ಬೀಗ. ಇದರ ವಿಶೇಷ ಇಷ್ಟೇ: ಕೊಂಡಿ ತೆರೆದಿರುವಾಗ ಕೀ ಒಳಗೇ ಸಿಕ್ಕಿಕೊಂಡಿರುತ್ತದೆ. ಕೊಂಡಿ ಒತ್ತಿ ಬೀಗ ಹಾಕಿದರೆ ಮಾತ್ರ ತಿರುಗಿಸಿ ಹೊರಗೆ ತೆಗೆಯಬಹುದು. ನಿಮ್ಮ ಕೀ ನಿಮಗೆ ಬೇಕಾ? ಹಾಗಾದರೆ ಬೀಗ ಹಾಕಿ. ಬೇಡವಾ? ಹಾಗಾದರೆ ನಿಮ್ಮ ಮೆಂಬರ್ ನಂಬರ್ ಕೆತ್ತಿದ ಕೀ ಅಲ್ಲೇ ನೇತಾಡುತ್ತಿರುತ್ತದೆ, ಮುಂದೆ ಬಂದವನು ನೋಡಿಕೊಳ್ಳುತ್ತಾನೆ. 'ಗೇಟ್ ಮುಚ್ಚಿ' ಅಂತ ಬೋರ್ಡ್ ಹಾಕಿ, ಸಭೆಯಲ್ಲಿ ಕೂಗಾಡಿ ಆಗದೇ ಇದ್ದ ಕೆಲಸ ಈ ಬೀಗದಿಂದ ಆಯಿತು. ಆಮೇಲೆ ಇವತ್ತಿನವರೆಗೆ ದನ ಹೊರಗೆ ಬಂದಿಲ್ಲ.

ಒಂದು ಎಚ್ಚರ. ಈ ಕೀಯನ್ನು ಕಾರಿನ ಕೀ ಗೊಂಚಲಿಗೆ ಸೇರಿಸಬೇಡಿ. ಬೀಗ ತೆರೆದರೆ ಕೀ ಅಲ್ಲೇ ಲಾಕ್ ಆಗುತ್ತದೆ, ಕಾರಿನ ಕೀಯೂ ಅದರ ಜೊತೆ ಅಲ್ಲೇ. ಕಾರನ್ನು ಒಳಗೆ ತರೋದು ಹೇಗೆ? ಹೊಸ ಮೆಂಬರುಗಳು ಮಳೆಯಲ್ಲಿ ನಿಂತು ರಿಂಗಿನಿಂದ ಕೀ ಬಿಡಿಸಲು ಉಗುರು ಮುರಿದುಕೊಳ್ಳುವುದನ್ನು ನೋಡಿದ್ದೇನೆ. ನಾನು ದೋಣಿಯವರು ಬಳಸುವ ಬೆಂಡಿನ ಉಂಡೆಗೆ ಕಟ್ಟಿಕೊಂಡಿದ್ದೇನೆ. ಕೈತಪ್ಪಿ ನೀರಿಗೆ ಬಿದ್ದರೂ ತೇಲುತ್ತದೆ.

ಡುಪ್ಲಿಕೇಟ್ ಕಾಟಕ್ಕೂ ಪರಿಹಾರ ಇದೆ. ಕೆಲವು ಕಂಪನಿಗಳ ಕೀ ಮಾದರಿ ರಿಜಿಸ್ಟರ್ ಆಗಿರುತ್ತದೆ. ಕ್ಲಬ್ಬಿನ ಹೆಸರಿನ ಕಾರ್ಡ್ ತೋರಿಸದೆ ಹೊಸ ಕೀ ಮಾಡಿಕೊಡುವುದಿಲ್ಲ, ಬೂಟು ಅಂಗಡಿಯಲ್ಲಿ ಅದರ ಖಾಲಿ ಕೀಯೇ ಸಿಗುವುದಿಲ್ಲ. ದುಬಾರಿ ಹೌದು. ಮಾಮೂಲಿ ಬೀಗದ ದುಡ್ಡಿಗೆ ಬರುವುದಿಲ್ಲ.

ಯಾವ ಬೀಗವಾದರೂ ಪರಿಹಾರ ಕೊಡದ ಒಂದು ಸಮಸ್ಯೆ ಸರಪಳಿಯದ್ದು. ಗೇಟಿಗೆ ರೈತನ ಬೀಗವೂ ಇರುತ್ತದೆ, ನಮ್ಮದೂ ಇರುತ್ತದೆ. ಸರಪಳಿಯ ಒಂದು ತುದಿಗೆ ಅವನ ಬೀಗ, ಇನ್ನೊಂದು ತುದಿಗೆ ನಮ್ಮದು, ಎರಡೂ ಬೀಗಗಳ ಕೊಂಡಿ ಒಂದರೊಳಗೊಂದು. ಯಾರು ತಮ್ಮ ಬೀಗ ತೆರೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ. ವಾಪಸ್ ಹಾಕುವಾಗ ನಮ್ಮ ಕೊಂಡಿ ರೈತನ ಕೊಂಡಿಯೊಳಗೇ ಹೋಗಬೇಕು. ಅವಸರದಲ್ಲಿ ಅದನ್ನು ಬಿಟ್ಟು ಸರಪಳಿಯ ಎರಡು ಬಳೆಗಳನ್ನೇ ಸೇರಿಸಿ ಬೀಗ ಜಡಿದರೆ ರೈತನ ಬೀಗ ಪಕ್ಕದಲ್ಲಿ ಸುಮ್ನೆ ಜೋತಾಡುತ್ತದೆ. ಟ್ರ್ಯಾಕ್ಟರ್ ತಗೊಂಡು ಬಂದ ರೈತ ತನ್ನ ಹೊಲದ ಹೊರಗೇ ನಿಲ್ಲುತ್ತಾನೆ. ಇದು ನಮ್ಮಲ್ಲಿ ಕೀ ಕಾಲದಲ್ಲೂ ಆಯಿತು, ನಂಬರ್ ಕಾಲದಲ್ಲೂ ಆಯಿತು. ಈಗ ಸರಿಯಾದ ಎರಡು ಬಳೆಗಳಿಗೆ ಕೆಂಪು ಬಣ್ಣ ಬಳಿದು, ಹೇಗೆ ಹಾಕಬೇಕು ಅಂತ ಗೇಟಿಗೆ ಫೋಟೋ ಅಂಟಿಸಿದ್ದಾರೆ. ಸ್ವಲ್ಪ ಕಡಿಮೆಯಾಗಿದೆ.

ಚಳಿಗಾಲದಲ್ಲಿ ಎರಡೂ ಬೀಗ ಕೈ ಕೊಡುತ್ತವೆ, ಬೇರೆ ಬೇರೆ ರೀತಿಯಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಕೈ ಮರಗಟ್ಟಿರುತ್ತದೆ, ಬೆರಳಿಗೆ ಮೀನಿನ ಲೋಳೆ ಬೇರೆ. ಎಪ್ಪತ್ತು ದಾಟಿದವರಿಗೆ ಆ ಸಣ್ಣ ಅಂಕಿ ಕಾಣಬೇಕಾದರೆ ಟಾರ್ಚೂ ಬೇಕು, ಕನ್ನಡಕವೂ ಬೇಕು. ಕೀ ಆದರೆ ತೂತನ್ನು ಬೆರಳಿನಲ್ಲೇ ತಡವಿ ಕಂಡುಕೊಳ್ಳಬಹುದು. ಆದರೆ ಆ ತೂತಿಗೆ ನೀರು ಹೋಗಿ ಹೆಪ್ಪುಗಟ್ಟಿದರೆ ಕೀ ಒಳಗೇ ಹೋಗಲ್ಲ. ಫ್ಲಾಸ್ಕಿನ ಬಿಸಿನೀರು ಸುರಿಯಬೇಡಿ. ಆ ಕ್ಷಣಕ್ಕೆ ತೆರೆಯುತ್ತದೆ, ಸಂಜೆಗೆ ಮೊದಲಿಗಿಂತ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಲೈಟರಿನಲ್ಲಿ ಕೀ ಬಿಸಿ ಮಾಡಿ ಹಾಕಿ, ಅಥವಾ ಕಾರಿನ ಬೀಗಕ್ಕೆ ಹೊಡೆಯುವ ಡೀಐಸರ್ ಹೊಡೆಯಿರಿ. ಮನೆ ಎಣ್ಣೆ ಬಿಡಬೇಡಿ, ಮಣ್ಣು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು. ಕೀ ತೂತಿನ ಮೇಲೆ ರಬ್ಬರ್ ಮುಚ್ಚಳ, ಅಡಿಯಲ್ಲಿ ನೀರು ಇಳಿಯಲು ತೂತು ಇರುವ ಬೀಗವನ್ನೇ ಕೇಳಿ ತಗೊಳ್ಳಿ.

ಸೆವರ್ನ್ ಉಕ್ಕಿದಾಗ ಗೇಟು ಅರ್ಧ ಮುಳುಗುತ್ತದೆ. ನೀರು ಇಳಿದ ಮೇಲೆ ಬೀಗದ ತುಂಬ ಹಿಟ್ಟಿನಂಥ ನುಣ್ಣನೆಯ ಕೆಸರು. ಈ ಒಂದು ವಿಷಯದಲ್ಲಿ ನಂಬರ್ ಲಾಕ್ ವಾಸಿ. ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ಚಕ್ರ ತಿರುಗಿಸಿದರೆ ಸರಿಹೋಗುತ್ತದೆ. ಕೀ ಬೀಗದ ಒಳಗಿನ ಸಣ್ಣ ಪಿನ್ನುಗಳಿಗೆ ಕೆಸರು ಸೇರಿದರೆ ಮುಗಿಯಿತು, ಸಿಲಿಂಡರ್ ಬದಲಾಯಿಸಬೇಕು. ಈಗ ಪ್ರವಾಹದ ಮುನ್ಸೂಚನೆ ಬಂದರೆ ಬೇಲಿಫ್, ಅಂದರೆ ನೀರಿನ ದಡ ನೋಡಿಕೊಳ್ಳುವ ಕ್ಲಬ್ಬಿನ ಕಾವಲಿನವರು, ಹೋಗಿ ಬೀಗವನ್ನೇ ಬಿಚ್ಚಿಕೊಂಡು ಬರುತ್ತಾರೆ.

ಕೆರೆಯ ಕಾಲುಗೇಟಿಗೆ ಗುಂಡಿ ಒತ್ತುವ ನಂಬರ್ ಲಾಕ್ ಇದೆ, ಬ್ಯಾಟರಿ ಇಲ್ಲದ್ದು. ಬಾಗಿಲು ತಾನಾಗಿಯೇ ಮುಚ್ಚಿ ಲಾಕ್ ಆಗುತ್ತದೆ, ಆದ್ದರಿಂದ ಮರೆಯುವ ಪ್ರಶ್ನೆಯೇ ಇಲ್ಲ. ಇಂಥ ಬೀಗಗಳಲ್ಲಿ ಬಹಳಷ್ಟಕ್ಕೆ ಗುಂಡಿಗಳನ್ನು ಯಾವ ಕ್ರಮದಲ್ಲಿ ಒತ್ತಿದರೂ ನಡೆಯುತ್ತದೆ ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ಒಂದೇ ನಂಬರ್ ಇಟ್ಟರೆ ಒತ್ತಿ ಒತ್ತಿ ನಾಲ್ಕು ಗುಂಡಿ ಪಳಪಳ ಹೊಳೆಯುತ್ತವೆ, ಉಳಿದವು ಮಾಸಿರುತ್ತವೆ. ಹೊಳೆಯುವ ನಾಲ್ಕನ್ನು ಒತ್ತಿದರೆ ಮುಗಿಯಿತು. ನಂಬರ್ ಬದಲಾಯಿಸುವಾಗ ಮಾಸಿದ ಗುಂಡಿಗಳನ್ನೇ ಆರಿಸಿ.

ಬ್ಲೂಟೂತ್ ಬೀಗವನ್ನು ಕೆರೆಯಲ್ಲಿ ಒಂದು ಸೀಸನ್ ಪರೀಕ್ಷೆಗೆ ಹಾಕಿದ್ದರು. ಯಾರು ಯಾವಾಗ ತೆರೆದರು ಅಂತ ದಾಖಲೆ ಸಿಗುತ್ತದೆ, ಮೆಂಬರ್ ಬಿಟ್ಟರೆ ಒಂದು ಕ್ಲಿಕ್ಕಿನಲ್ಲಿ ತೆಗೆದು ಹಾಕಬಹುದು. ಕೇಳೋಕೆ ಚೆನ್ನಾಗಿದೆ. ಚಳಿಗೆ ಬ್ಯಾಟರಿ ಸತ್ತು, ಆ್ಯಪ್ ಅಪ್‌ಡೇಟ್ ಕೇಳಿ, ತಗ್ಗಿನಲ್ಲಿ ಸಿಗ್ನಲ್ ಇಲ್ಲದೆ ಗೇಟಿನ ಎರಡೂ ಕಡೆ ಜನ ನಿಂತದ್ದನ್ನು ನೋಡಿದ ಮೇಲೆ ಯಾರೂ ಅದರ ಹೆಸರು ಎತ್ತಿಲ್ಲ.

ಈಗಿನ ಕೀ ಬೀಗದ ಮೇಲೆ ನನಗಿರುವ ದೂರು ಎರಡು. ಕಳೆದುಹೋದ ಕೀ ಬದಲಿಗೆ ಹೊಸದು ಬರಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಬೇರೆ ಮೆಂಬರ್ ಬರುವುದನ್ನು ಕಾಯಬೇಕು. ಇನ್ನೊಂದು, ಜೂನ್ 16ರ ಮಧ್ಯರಾತ್ರಿ ಸೀಸನ್ ತೆರೆಯುವಾಗ ಗೇಟಿನ ಮುಂದೆ ಕಾರುಗಳ ಸಾಲು ನಿಂತಿರುತ್ತದೆ. ಪ್ರತಿಯೊಬ್ಬನೂ ತನ್ನ ಕೀ ಹಾಕಿ, ತೆರೆದು, ಒಳಗೆ ಹೋಗಿ, ಇಳಿದು, ಬೀಗ ಹಾಕಿ, ಕೀ ತಗೊಂಡು ಹೋಗಬೇಕು. ಹಿಂದಿನವನಿಗೆ ಗೇಟು ಹಿಡಿದು ನಿಲ್ಲುವುದು ಕ್ಲಬ್ಬಿನ ನಿಯಮಕ್ಕೆ ವಿರುದ್ಧ. ಎಲ್ಲರೂ ಹಿಡಿದು ನಿಲ್ಲುತ್ತಾರೆ, ನಾನೂ ಸೇರಿ.