ಕಾಲೇಜಿನ ವೆಟರನ್ಸ್ ಸೆಂಟರ್: ಸರ್ವಿಸ್ ಸೂಪರ್, ಫಂಡಿಂಗ್ ಡೌಟು

ಯುಎಸ್ ಆರ್ಮಿ ಬಿಟ್ಟು ಇಲ್ಲೇ ಕಾಲೇಜ್ ಸೇರಿದ್ಮೇಲೆ ನಂಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಈ ಸೆಂಟರೇ. ಜಿಐ ಬಿಲ್ಲಲ್ಲಿ (ಸೈನ್ಯದಲ್ಲಿದ್ದೋರ ಓದಿಗೆ ದುಡ್ಡು ಕೊಡೋ ಯುಎಸ್ ಕಾನೂನು) 36 ತಿಂಗಳ ಬೆನಿಫಿಟ್ಟು, ಫೀಸು, ಬಾಡಿಗೆ ಭತ್ಯೆ ಎಲ್ಲ ಇದೆ ಸರಿ, ಆದ್ರೆ ಕಾಲೇಜಿನವ್ರು ನಮ್ ಎನ್‌ರೋಲ್‌ಮೆಂಟ್ ಸರ್ಟಿಫೈ ಮಾಡಿ ವಿಎಗೆ (ಮಾಜಿ ಸೈನಿಕರನ್ನ ನೋಡ್ಕೊಳ್ಳೋ ಯುಎಸ್ ಸರ್ಕಾರಿ ಇಲಾಖೆ) ಕಳಿಸ್ದೆ ಇದ್ರೆ ಒಂದು ಡಾಲರೂ ಬರಲ್ಲ, ಆ ಕೆಲಸ ಇಲ್ಲಿ ಚಕಚಕ ಅಂತ ಆಗುತ್ತೆ. ಡೆಸ್ಕಲ್ಲಿ ಕೂರೋರೂ ಮಾಜಿ ಸೈನಿಕ ಸ್ಟೂಡೆಂಟ್ಸೇ, ಅವ್ರ ಸಂಬ್ಳ ಓದ್ತಾ ಕೆಲಸ ಮಾಡೋರಿಗೆ ವಿಎ ಕೊಡೋ ವರ್ಕ್‌ಸ್ಟಡಿದು, ಹಂಗಾಗಿ ನಮ್ ಕಷ್ಟ ಬಿಡಿಸಿ ಹೇಳ್ಬೇಕಾಗಿಲ್ಲ.

ಬೇಜಾರು ಏನಂದ್ರೆ ಕೌನ್ಸೆಲಿಂಗು, ಟ್ಯೂಟರಿಂಗು ಎಲ್ಲ ಫೆಡರಲ್ ಗ್ರಾಂಟ್ ಮೇಲೆ ನಿಂತಿದೆ, ಅವಧಿ ಮುಗಿದ್ರೆ ಮತ್ತೆ ಅರ್ಜಿ, ಮತ್ತೆ ಕಾಯೋದು. ಯುದ್ಧಕ್ಕೆ ಕಳ್ಸೋವಾಗ ಇಲ್ದಿರೋ ಚೌಕಾಸಿ ಓದ್ಸೋವಾಗ ಯಾಕೋ! ಸ್ಟಾಫಿಗೆ 5 ಸ್ಟಾರ್, ದುಡ್ಡು ಕೊಡೋರಿಗೆ 2.