ಮಾತಿಲ್ಲದ ಅಕಿರಾ: ‘ಹೈ ಸ್ಕೋರ್ ಗರ್ಲ್’ ಅನಿಮೆ ಸರಣಿಯ ವಿಮರ್ಶೆ

ಜಪಾನಿನ ಅನಿಮೆ ಪ್ರೇಮಕಥೆಗಳಲ್ಲಿ ವಿಡಿಯೋ ಗೇಮಿನ ಹುಚ್ಚು ಹಿಡಿದ ನಾಯಕಿಯರಿಗೆ ಬರವಿಲ್ಲ. ಆದರೆ ಅನೇಕ ಸರಣಿಗಳಲ್ಲಿ ಎರಡು ಮೂರು ಕಂತು ಕಳೆಯುವುದರೊಳಗೆ ಆ ಹುಚ್ಚು ಮೂಲೆ ಸೇರಿ, ಉಳಿದ ಕಥೆಯೆಲ್ಲ ನಾಚಿಕೆ ಮತ್ತು ಕಣ್ಣೀರಿನಲ್ಲಿ ಸಾಗುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಹೈ ಸ್ಕೋರ್ ಗರ್ಲ್’ ಸರಣಿಯ ಅಕಿರಾ ಓನೊಳಿಂದ ಆಟವನ್ನು ಕಿತ್ತುಕೊಂಡರೆ ಪಾತ್ರವೇ ಉಳಿಯುವುದಿಲ್ಲ. ಏಕೆಂದರೆ 24 ಕಂತುಗಳುದ್ದಕ್ಕೂ ಆಕೆಯ ಬಾಯಿಂದ ಒಂದು ಸಂಭಾಷಣೆಯೂ ಹೊರಡುವುದಿಲ್ಲ. ಕೋಪ, ಬೇಸರ, ಕೃತಜ್ಞತೆ, ಕೊನೆಗೆ ಪ್ರೀತಿಯನ್ನೂ ಆಕೆ ತಿಳಿಸುವುದು ಗೇಮಿನ ಕೋಲು ಮತ್ತು ಗುಂಡಿಗಳ ಮೂಲಕ, ಅದೂ ಸಾಲದಾದಾಗ ಮುಷ್ಟಿಯ ಮೂಲಕ.

ಸರಣಿಯ ಮೂಲ ರೆನ್ಸುಕೆ ಒಶಿಕಿರಿಯವರ ಮಾಂಗಾ. ಸ್ಕ್ವೇರ್ ಎನಿಕ್ಸ್ ಸಂಸ್ಥೆ ಪ್ರಕಟಿಸಿದ ಈ ಚಿತ್ರಕಥೆ 2010ರಲ್ಲಿ ಆರಂಭವಾಗಿ 2018ರಲ್ಲಿ ಮುಗಿಯಿತು. ನಡುವೆ 2014ರಲ್ಲಿ, ತನ್ನ ಆಟಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಸ್‌ಎನ್‌ಕೆ ಕಂಪನಿ ದೂರಿದ್ದರಿಂದ ಪ್ರಕಟಣೆಯೇ ನಿಂತುಹೋಗಿತ್ತು. ಮರುವರ್ಷ ಎರಡೂ ಕಡೆಯವರು ರಾಜಿಯಾದರು. ಜೆ.ಸಿ. ಸ್ಟಾಫ್ ಸ್ಟುಡಿಯೋ ನಿರ್ಮಿಸಿ ಯೋಶಿಕಿ ಯಾಮಕಾವಾ ನಿರ್ದೇಶಿಸಿದ ಅನಿಮೆಯ ಮೊದಲ 12 ಕಂತುಗಳು 2018ರಲ್ಲಿಯೂ, ಹೆಚ್ಚುವರಿ ಮೂರು ಮತ್ತು ಎರಡನೆಯ ಭಾಗದ ಒಂಬತ್ತು ಕಂತುಗಳು 2019ರಲ್ಲಿಯೂ ಬಂದವು. ಆ ಕಾಲದ ಆಟಗಳೇ ತಮ್ಮ ನಿಜವಾದ ಹೆಸರು, ನಿಜವಾದ ದೃಶ್ಯಗಳೊಂದಿಗೆ ಇಲ್ಲಿ ಕಾಣಿಸಿಕೊಳ್ಳುವುದು ದೊಡ್ಡ ಲಾಭ. ಹಿನ್ನೆಲೆ ಸಂಗೀತವನ್ನು ನೀಡಿರುವವರು ಯೋಕೊ ಶಿಮೊಮುರಾ, ಅಂದರೆ ಇಬ್ಬರು ಒಬ್ಬೊಬ್ಬ ಪಾತ್ರವನ್ನು ಆರಿಸಿಕೊಂಡು ಕಾದಾಡುವ ‘ಸ್ಟ್ರೀಟ್ ಫೈಟರ್ 2’ ಆಟಕ್ಕೆ ಸಂಗೀತ ರಚಿಸಿದವರೇ.

ಕಥೆ ಆರಂಭವಾಗುವುದು 1991ರಲ್ಲಿ, ‘ಸ್ಟ್ರೀಟ್ ಫೈಟರ್ 2’ ಬಿಡುಗಡೆಯಾದ ವರ್ಷದಲ್ಲಿ. ಆರನೆಯ ತರಗತಿಯ ಹಾರುವೊ ಯಾಗುಚಿಗೆ ಓದು ಹತ್ತುವುದಿಲ್ಲ, ಸಹಪಾಠಿಗಳಲ್ಲಿ ಮರ್ಯಾದೆಯಿಲ್ಲ. ಅವನ ಹೆಮ್ಮೆಯೆಲ್ಲ ಗೇಮ್ ಕೇಂದ್ರದಲ್ಲಿ. ಅಲ್ಲಿಗೇ ಅವನ ತರಗತಿಯ ಸಿರಿವಂತ ಹುಡುಗಿ, ಓದಿನಲ್ಲಿಯೂ ನಡತೆಯಲ್ಲಿಯೂ ಎಲ್ಲರೂ ಹೊಗಳುವ ಅಕಿರಾ ಬಂದು ಕುಳಿತು, ಎದುರಾದವರನ್ನೆಲ್ಲ ಸೋಲಿಸುತ್ತಾಳೆ. ಇಲ್ಲಿ ಕಥೆಗಾರನ ಆಯ್ಕೆಯನ್ನು ಗಮನಿಸಬೇಕು. ಹಾರುವೊ ಆಡುವುದು ಗೈಲ್ ಎಂಬ ಅಮೆರಿಕದ ಸೈನಿಕನನ್ನು. ಗೈಲ್ ದೂರದಲ್ಲಿ ಕಾದು ಕುಳಿತು ಸೋನಿಕ್ ಬೂಮ್ ಎಂಬ ಗಾಳಿಯಲೆಯನ್ನು ಎಸೆದು ಎದುರಾಳಿ ಹತ್ತಿರ ಬಾರದಂತೆ ತಡೆಯಬಲ್ಲ. ಅಕಿರಾ ಆಡುವುದು ಜಾಂಗೀಫ್‌ನನ್ನು, ಅಂದರೆ ದೂರದಿಂದ ಎಸೆಯಲು ಕೈಯಲ್ಲಿ ಏನೂ ಇಲ್ಲದ, ನಿಧಾನವಾಗಿ ಹೆಜ್ಜೆಯಿಡುವ ಸೋವಿಯತ್ ಜಟ್ಟಿಯನ್ನು. ಅವನಿಂದ ಗೆಲ್ಲಬೇಕಾದರೆ ಏಟು ತಿನ್ನುತ್ತಲೇ ಎದುರಾಳಿಯ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಬೇಕು, ಕೋಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಹಿಡಿದೆತ್ತಬೇಕು. ಆ ಆಟವನ್ನು ಬಲ್ಲವರಿಗೆ ಇಷ್ಟು ಕಂಡರೆ ಸಾಕು, ಈ ಹುಡುಗಿ ಎಂಥ ಛಲದವಳು ಎಂಬುದು ತಿಳಿಯುತ್ತದೆ. ಸೋಲುವ ಭಯಕ್ಕೆ ಹಾರುವೊ ಅಡ್ಡದಾರಿಯ ತಂತ್ರಗಳಿಗೆ ಇಳಿದಾಗ ಆಕೆ ಎದ್ದು ಬಂದು ಅವನಿಗೇ ಬಾರಿಸುತ್ತಾಳೆ. ಅವರ ಸ್ನೇಹ ಬೆಳೆಯುವುದು ಅಲ್ಲಿಂದಲೇ.

ಮಾತಿಲ್ಲದ ನಾಯಕಿ ಎಂದರೆ ಗಂಡಸಿನ ಕಲ್ಪನೆಯ ಗೊಂಬೆಯಾಗಿಬಿಡುವ ಅಪಾಯವಿರುತ್ತದೆ. ಅಕಿರಾ ಆ ಅಪಾಯದಿಂದ ಪಾರಾಗಿರುವುದು ಆಕೆಯ ಮೌನ ವಿಧೇಯತೆಯಲ್ಲವಾದ್ದರಿಂದ. ನಿಟ್ಟುಸಿರು, ಹೂಂಕಾರ ಮತ್ತು ಬಿಕ್ಕಳಿಕೆಗಳಷ್ಟನ್ನೇ ಕೈಯಲ್ಲಿಟ್ಟುಕೊಂಡು ಸಾಯುಮಿ ಸುಜುಶಿರೊ ಈ ಪಾತ್ರಕ್ಕೆ ನೀಡಿರುವ ಧ್ವನಿಯನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ. ನಾವು ಗುಲ್ಬರ್ಗಾ ಎಂದು ಕರೆಯುತ್ತಿದ್ದ ಕಾಲದ ಕಲಬುರಗಿಯಲ್ಲಿ, ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಯೊಳಗೆ ಒಬ್ಬ ಹುಡುಗಿಯನ್ನೂ ಕಂಡ ನೆನಪು ನನಗಿಲ್ಲ. ಈಗ ಆಟ ಮೊಬೈಲಿಗೆ ಬಂದಿರುವುದರಿಂದ ಹುಡುಗಿಯರೂ ಧಾರಾಳವಾಗಿ ಆಡುತ್ತಾರೆ, ಆದರೆ ಧ್ವನಿ ಅಡಗಿಸಿಕೊಂಡು. ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಬಿಜಿಎಂಐ ಎಂಬ ಮೊಬೈಲ್ ಗುಂಡಿನ ಕಾಳಗದ ಆಟ ಆಡುವಾಗ ಮೈಕ್ ಹಾಕುವುದೇ ಇಲ್ಲ. ಕಾರಣ ಕೇಳಿದರೆ, “ಮೈಕ್ ಹಾಕಿದ್ರ ಹುಡುಗಿ ಅಂತ ಗೊತ್ತಾಗ್ತದ ಮಾಮಾ, ಆಮ್ಯಾಲ ಆಟ ಎಲ್ಲಿ ಇರ್ತದ, ಬರೇ ಮಾತs ಇರ್ತಾವ” ಎಂದಳು. ಅಕಿರಾಳ ಮೌನ ಆಕೆಗೆ ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಅದನ್ನು ವಿಚಿತ್ರವೆಂದು ನೋಡಿದ ನಾನು.

ಅಕಿರಾಳ ಮನೆಯ ಭಾಗವಂತೂ ನಮ್ಮ ಕಡೆಯ ನೋಡುಗರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ. ದೊಡ್ಡ ಮನೆತನದ ಹೊಣೆ ಹೊರಬೇಕಾದವಳೆಂದು ಆಕೆಯ ದಿನವೆಲ್ಲ ಪಾಠ ಮತ್ತು ಶಿಸ್ತುಗಳಲ್ಲಿ ಕಳೆಯುತ್ತದೆ. ಮೋಎಮಿ ಗೋಡಾ ಎಂಬ ಖಾಸಗಿ ಶಿಕ್ಷಕಿ ಆಟವೆಂಬುದರ ನೆರಳೂ ಬೀಳದಂತೆ ಕಾಯುತ್ತಾಳೆ. ಮಗು ವಿಜ್ಞಾನ ವಿಭಾಗಕ್ಕೆ ಸೇರಿದ ದಿನವೇ ಮೊಬೈಲು ಕಪಾಟಿಗೂ ಮಗು ಕೋಚಿಂಗ್ ಕ್ಲಾಸಿಗೂ ಹೋಗುವ ಕಲಬುರಗಿಯ ಮನೆಗಳಲ್ಲಿ ಕುಳಿತು ಇದನ್ನು ನೋಡುವಾಗ ತಾಯ್ತಂದೆಯರಿಗೆ ಕೊಂಚ ಮುಜುಗರವಾದರೆ ಆಶ್ಚರ್ಯವಿಲ್ಲ. ಗೋಡಾಳನ್ನು ಬರೀ ದುಷ್ಟಳನ್ನಾಗಿ ಬಿಡದೆ, ಅಕಿರಾಳ ಒಳ್ಳೆಯದಕ್ಕೇ ಇಷ್ಟೆಲ್ಲ ಎಂದು ಮನಸಾರೆ ನಂಬಿದವಳಾಗಿ ತೋರಿಸಿರುವುದು ಸರಿಯಾಗಿದೆ. ಇದಕ್ಕೆ ಎದುರಾಗಿ ಹಾರುವೊನ ತಾಯಿ ಇದ್ದಾಳೆ. ಮಗ ಕರೆತಂದ ಗೆಳತಿಯನ್ನು ಕಂಡೊಡನೆ ಉಪಚಾರಕ್ಕೆ ನಿಲ್ಲುವ ಆ ಹೆಂಗಸು ನಮ್ಮ ಓಣಿಯವಳೇ ಎನಿಸುತ್ತದೆ. ಅವರ ಮನೆಯಲ್ಲಿ ಅಕಿರಾ ಪಿಸಿ ಎಂಜಿನ್ ಎಂಬ ಮನೆಬಳಕೆಯ ಗೇಮ್ ಯಂತ್ರದ ಮುಂದೆ ಕುಳಿತು ಎಲ್ಲ ಮರೆತು ಆಡುವ ದೃಶ್ಯಗಳು ಸರಣಿಯ ಅತ್ಯುತ್ತಮ ಭಾಗ.

ಹಾಗೆ ನೋಡಿದರೆ ನನ್ನ ಮನಸ್ಸು ಹೆಚ್ಚು ವಾಲಿದ್ದು ಎರಡನೆಯ ಹುಡುಗಿಯಾದ ಕೊಹಾರು ಹಿದಾಕಾಳ ಕಡೆಗೆ. ಅಕಿರಾ ಅಮೆರಿಕಕ್ಕೆ ಹೋಗಿದ್ದ ಕಾಲದಲ್ಲಿ ಬರುವ ಈಕೆಗೆ ಆಟದ ಗಂಧಗಾಳಿಯೂ ಇರುವುದಿಲ್ಲ. ತನ್ನ ಮನೆಯ ಅಂಗಡಿಯ ಮುಂದಿಟ್ಟ ಯಂತ್ರಗಳಲ್ಲಿ ಹಾರುವೊ ಆಡುವುದನ್ನು ಪಕ್ಕದಲ್ಲಿ ನಿಂತು ನೋಡುತ್ತ, ಮೊದಲು ಅವನನ್ನು ಇಷ್ಟಪಟ್ಟು, ಬಳಿಕ ಆಟ ಕಲಿತು, ಕಡೆಗೆ ತನ್ನ ಪ್ರೀತಿಯನ್ನೇ ಪಂದ್ಯದ ಪಣವಾಗಿ ಒಡ್ಡುವಷ್ಟು ಗಟ್ಟಿಯಾಗುತ್ತಾಳೆ. ಒಬ್ಬನಿಗಾಗಿ ಆರಂಭಿಸಿದ ಆಟದಲ್ಲಿ ತನಗೇ ಪ್ರತಿಭೆಯಿದೆ ಎಂದು ಕಂಡುಕೊಳ್ಳುವ ಈಕೆಯ ದಾರಿ, ಹುಟ್ಟಿನಿಂದಲೇ ಚತುರೆಯಾದ ಅಕಿರಾಳ ದಾರಿಗಿಂತ ಹೆಚ್ಚು ತಿರುವುಗಳುಳ್ಳದ್ದು. ಬರಹಗಾರರು ಕೊಹಾರುವಿಗೆ ನ್ಯಾಯ ಒದಗಿಸಿಲ್ಲ ಎಂಬುದು ನನ್ನ ದೂರು. ಆಕೆಯ ಸೋಲು ಗೆಲುವುಗಳು ಹಾರುವೊನ ಮನಸ್ಸು ಎತ್ತ ತಿರುಗಿತು ಎಂಬ ಒಂದೇ ಅಳತೆಗೆ ಕೊನೆಗೆ ಇಳಿದುಬಿಡುತ್ತವೆ.

ದೋಷಗಳು ಇನ್ನೂ ಇವೆ. ಪಾತ್ರಗಳನ್ನು ಕಂಪ್ಯೂಟರ್‌ನ ಮೂರು ಆಯಾಮದ ಮಾದರಿಗಳಿಂದ ಚಲಿಸುವಂತೆ ಮಾಡಿರುವುದರಿಂದ ಮೊದಲ ಕಂತುಗಳಲ್ಲಿ ಮುಖಗಳು ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ. ಕಣ್ಣು ಒಗ್ಗಿಕೊಳ್ಳುತ್ತದೆ, ಆದರೆ ತಡವಾಗಿ. ಅಕಿರಾ ಹಾರುವೊನನ್ನು ಹೊಡೆಯುವುದನ್ನೂ, ಆಕೆಯ ಮನೆಯ ಮುದಿ ಚಾಲಕ ಅವನ ಮೇಲೆ ಕಾರು ಹಾಯಿಸುವುದನ್ನೂ ಹಾಸ್ಯವೆಂದು ಮತ್ತೆ ಮತ್ತೆ ತಂದಿರುವುದು ಬೇಸರ ತರಿಸುತ್ತದೆ. ಎರಡನೆಯ ಭಾಗದಲ್ಲಿ ಅಕಿರಾಳ ಅಕ್ಕ ಮಕೋತೊಳ ಚೇಷ್ಟೆಗಳಿಗೆ ಕೊಟ್ಟಿರುವ ಸಮಯದಲ್ಲಿ ಅರ್ಧವನ್ನಾದರೂ ಕೊಹಾರುವಿಗೆ ಕೊಡಬಹುದಿತ್ತು. ಆಟಗಳ ಪರಿಚಯವೇ ಇಲ್ಲದವರಿಗೆ ಸಾಲುಸಾಲಾಗಿ ಬರುವ ಹೆಸರುಗಳು ತಲೆನೋವಾಗುವುದೂ ಉಂಟು. ಗೈಲ್ ಪರದೆಯಿಂದ ಇಳಿದು ಬಂದು ಹಾರುವೊನಿಗೆ ಬುದ್ಧಿ ಹೇಳುವ ದೃಶ್ಯಗಳನ್ನು ಮಾತ್ರ ಯಾರಾದರೂ ನಕ್ಕು ಸವಿಯಬಹುದು.

ನಾನು ನೋಡಿದ್ದು ಜಪಾನಿ ಧ್ವನಿಯಲ್ಲಿ, ಇಂಗ್ಲಿಷ್ ಅಡಿಬರಹಗಳೊಂದಿಗೆ. ಮಾತು ಮತ್ತು ಆಟದ ವಿವರಗಳು ಒಟ್ಟಿಗೆ ಬರುವಲ್ಲಿ ಓದುವುದು ಕಷ್ಟ, ನಿಲ್ಲಿಸಿ ನಿಲ್ಲಿಸಿ ನೋಡಬೇಕಾಗುತ್ತದೆ. ತಿಂಗಳಿಗೆ 149 ರೂಪಾಯಿಯ ಮೊಬೈಲ್ ಚಂದಾ ಇರುವವರು ಸಣ್ಣ ಪರದೆಯಲ್ಲಿ ಆಟಗಾರರ ಶಕ್ತಿ ತೋರಿಸುವ ಪಟ್ಟಿಗಳನ್ನು ಗುರುತಿಸಲಾರರು, ಅವು ಕಾಣದಿದ್ದರೆ ಪಂದ್ಯಗಳ ಬಿಸಿ ತಟ್ಟುವುದಿಲ್ಲ. ಆದ್ದರಿಂದ ಟಿವಿ ಇರುವ ಸ್ನೇಹಿತರ ಮನೆಯಲ್ಲಿ ನೋಡುವುದು ಮೇಲು. ಮೊದಲ ಮೂರು ಕಂತುಗಳನ್ನು ಒಂದೇ ಸಲಕ್ಕೆ ಮುಗಿಸಿ. ಮೂರನೆಯದರಲ್ಲಿ ಹಾರುವೊ ಕೊಡುವ ಅಗ್ಗದ ಆಟಿಕೆಯ ಉಂಗುರವನ್ನು ಅಕಿರಾ ತೆಗೆದುಕೊಳ್ಳುವ ರೀತಿ ನಿಮ್ಮ ಮನಸ್ಸನ್ನು ಹಿಡಿಯದಿದ್ದರೆ ಉಳಿದ 21 ಕಂತುಗಳಿಗೆ ಸಮಯ ಕೊಡುವ ಅಗತ್ಯವಿಲ್ಲ.