ಟ್ಯಾಂಕಲ್ಲಿ ಫ್ರೆಶ್ ಬಿಯರೇ ಇದೆ, ಪೈಪ್ ತೊಳೆಯೋರು ಯಾರು ಸ್ವಾಮಿ?

ಕೋರಮಂಗಲದ ಒಂದು ಬ್ರೂಪಬ್ (ತಮ್ಮ ಬಿಯರ್ ತಾವೇ ಮಾಡಿ ಅಲ್ಲೇ ಮಾರೋ ಪಬ್) ರಿವ್ಯೂ ಇದು. ಹೊಗಳೋದೂ ಇದೆ ಬೈಯೋದೂ ಇದೆ, ಅದಕ್ಕೆ ಹೆಸರು ಹಾಕ್ತಿಲ್ಲ. ಕೌಂಟರ್ ಹಿಂದೆ ಗಾಜಿನ ಗೋಡೆ, ಅದರಾಚೆ ಫಳಫಳ ಅನ್ನೋ ಸ್ಟೀಲ್ ಟ್ಯಾಂಕ್‌ಗಳು, ಮೆನುನಲ್ಲಿ ದಪ್ಪಕ್ಷರದಲ್ಲಿ "ಟ್ಯಾಂಕಿಂದ ಸೀದಾ ಗ್ಲಾಸಿಗೆ". ಫೋಟೋ ತಗೊಳ್ಳೋರ ಗಲಾಟೆ ಬೇರೆ.

ಆ ಮಾತು ಸುಳ್ಳೇನಲ್ಲ. ಬಾಟಲಿ ಬಿಯರ್ ಸಾಮಾನ್ಯವಾಗಿ ಪಾಶ್ಚರೈಸ್ ಆಗಿ, ಲಾರಿ ಹತ್ತಿ, ಗೋಡೌನಲ್ಲಿ ಕೂತು, ಆಮೇಲೆ ನಮ್ ಕೈಗೆ ಬರತ್ತೆ. ಇಲ್ಲಿ ಹುದುಗು ಮುಗಿದ ಬಿಯರನ್ನ ತಣ್ಣಗೆ ಮಾಡಿ ಪಕ್ಕದ ಸರ್ವಿಂಗ್ ಟ್ಯಾಂಕಿಗೆ ದಾಟಿಸ್ತಾರೆ, ಅಷ್ಟೇ ಪ್ರಯಾಣ. ಟ್ಯಾಂಕಿನ ಗೋಡೆ ಎರಡು ಪದರ, ಮಧ್ಯೆ ಗ್ಲೈಕಾಲ್ ಅನ್ನೋ ತಂಪು ದ್ರವ ಓಡಾಡ್ತಾ ತಂಪಾಗಿ ಇಡತ್ತೆ, ಮೇಲಿಂದ ಕಾರ್ಬನ್ ಡೈಆಕ್ಸೈಡ್ ಒತ್ತತ್ತೆ, ಕೆಳಗಿನ ಪೈಪಿಂದ ಬಿಯರ್ ನಲ್ಲಿಗೆ ಬರತ್ತೆ. ಕೆಗ್ (ಬಿಯರ್ ಸಾಗಿಸೋ ಸ್ಟೀಲ್ ಪೀಪಾಯಿ) ತುಂಬೋ ಕೆಲಸಾನೇ ಇಲ್ಲ, ಹಾಗಾಗಿ ಆ ತುಂಬೋ ಹೊತ್ತಲ್ಲಿ ಗಾಳಿ ಸೇರ್ಕೊಳ್ಳೋ ಚಾನ್ಸೂ ಇಲ್ಲ. ಬಿಯರಿಗೆ ಆಕ್ಸಿಜನ್ ಅಂದ್ರೆ ವಿಷ ಇದ್ದಂಗೆ, ಅದ್ರಲ್ಲೂ ಐಪಿಎ (ಇಂಡಿಯಾ ಪೇಲ್ ಏಲ್) ತರದ್ದಕ್ಕೆ, ಬಿಯರಿಗೆ ಕಹಿ, ಪರಿಮಳ ಕೊಡೋ ಹಾಪ್ಸ್ ಹೂವಿನ ಘಮ ಮೊದಲು ಹೋಗತ್ತೆ, ಆಮೇಲೆ ಒದ್ದೆ ರಟ್ಟಿನ ವಾಸನೆ ಶುರು.

ಜೆಕ್ ದೇಶದ ಪಿಲ್ಸ್ನರ್ ಉರ್ಕೆಲ್‌ನವರ ಟ್ಯಾಂಕ್ ಪಬ್‌ಗಳದ್ದು ಇನ್ನೊಂದು ತರ. ಅಲ್ಲಿ ಪಾಶ್ಚರೈಸ್ ಮಾಡದ ಬಿಯರ್ ಪ್ಲ್ಸೆನ್ ಊರಿನ ಬ್ರೂವರಿಯಿಂದ ಟ್ಯಾಂಕರಲ್ಲಿ ಬಂದು ಪಬ್ಬಿನ ಟ್ಯಾಂಕಿಗೆ ಇಳಿಯತ್ತೆ. ಆ ಟ್ಯಾಂಕೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ, ಚೀಲಕ್ಕೂ ಟ್ಯಾಂಕಿನ ಗೋಡೆಗೂ ನಡುವೆ ಕಂಪ್ರೆಸರ್ ಗಾಳಿ ತುಂಬ್ತಾರೆ, ನಂದಿನಿ ಪ್ಯಾಕೆಟ್ ಹಿಂಡಿದಂಗೆ ಬಿಯರ್ ಹೊರಗೆ ಬರತ್ತೆ. ಗಾಳಿ ಬಿಯರಿಗೆ ತಾಗೋದೇ ಇಲ್ಲ, ಮೇಲಿಂದ ಗ್ಯಾಸ್ ಒತ್ತೋ ಅಗತ್ಯಾನೂ ಇಲ್ಲ. ನಮ್ಮೂರ ಬ್ರೂಪಬ್‌ಗೆ ಟ್ಯಾಂಕರ್ ಬೇಡ, ಬಿಯರ್ ಅಲ್ಲೇ ಹುಟ್ಟಿ ಅಲ್ಲೇ ಖರ್ಚಾಗತ್ತೆ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಅನ್ನೋ ಬ್ರೂಪಬ್ ಶುರುವಾದಾಗಿಂದ ಬೆಂಗಳೂರಿನ ಜನಕ್ಕೆ ಇದು ಅಭ್ಯಾಸಾನೂ ಆಗಿದೆ.

ಸರಿ, ಕುಡಿದಿದ್ದಕ್ಕೆ ಬರೋಣ. ಹೆಫೆವೈಜನ್ (ಜರ್ಮನ್ ಶೈಲಿಯ ಗೋಧಿ ಬಿಯರ್) ಸಕತ್ತಾಗಿತ್ತು. ಬಾಳೆಹಣ್ಣು ಲವಂಗ ಎರಡೂ ಮೂಗಿಗೆ ಬಂತು, ಯೀಸ್ಟ್ ತಳಕ್ಕೆ ಕೂರದೆ ಮಬ್ಬಾಗೇ ಇತ್ತು ಅಂದ್ರೆ ಟ್ಯಾಂಕ್ ಇತ್ತೀಚೆಗೆ ತುಂಬಿದ್ದೇ ಇರ್ಬೇಕು ಅನ್ನಿಸ್ತು. ನೊರೆ ಇಳಿದಂಗೆ ಗ್ಲಾಸಿನ ಒಳಗೆ ಉಂಗುರ ಉಂಗುರವಾಗಿ ಗುರುತು ಬಿಡ್ತಾ ಹೋಯ್ತು, ಗ್ಲಾಸ್ ಚೆನ್ನಾಗಿ ತೊಳೆದಿದಾರೆ ಅಂತ ಅರ್ಥ (ಎಣ್ಣೆ ಜಿಡ್ಡಿದ್ರೆ ಒಳಗೋಡೆಗೆ ಗುಳ್ಳೆ ಅಂಟ್ಕೊಂಡು ನಿಲ್ಲತ್ತೆ, ನೊರೇನೂ ಬೇಗ ಸಾಯತ್ತೆ, ನೋಡಿ ಬೇಕಾದ್ರೆ).

ಐಪಿಎ ಬಂತು ನೋಡಿ, ಮೊದಲ ಗುಟುಕಿಗೇ ಬೆಣ್ಣೆ ವಾಸನೆ, ಹಿಂದೇನೇ ಒಂಚೂರು ಹುಳಿ. ಸಪ್ಲೈಯರ್‌ಗೆ ಹೇಳಿದ್ರೆ "ಅದು ಹಂಗೇ ಸರ್, ಕ್ರಾಫ್ಟ್ ಬಿಯರ್ ಅಲ್ವಾ" ಅಂದ. ಅಲ್ಲಪ್ಪಾ! ಅದೃಷ್ಟಕ್ಕೆ ಬ್ರೂವರ್ ಹುಡುಗ ಅಲ್ಲೇ ಓಡಾಡ್ತಿದ್ದ, ಪಾಪ ಒಳ್ಳೆಯವನು, ಗಾಜಿನ ಒಳಗೆ ಕರ್ಕೊಂಡು ಹೋಗಿ ಟ್ಯಾಂಕಿಗೆ ಅಂಟಿಸಿದ್ದ ಟೇಪ್ ತೋರಿಸ್ದ, ಮಾರ್ಕರಲ್ಲಿ ಬ್ಯಾಚ್ ನಂಬರು, ತುಂಬಿದ ತಾರೀಖು ಎರಡೂ ಬರೆದಿತ್ತು, ಹಳೇದೇನಲ್ಲ. ಆಮೇಲೆ ಸ್ಯಾಂಪಲ್ ವಾಲ್ವ್ ತಿರುಗಿಸಿ ಚಿಕ್ಕ ಗ್ಲಾಸಲ್ಲಿ ಅದೇ ಐಪಿಎ ಹಿಡಿದು ಕೊಟ್ಟ. ಬೆಣ್ಣೇನೂ ಇಲ್ಲ ಹುಳೀನೂ ಇಲ್ಲ, ಕಿತ್ತಳೆ ಸಿಪ್ಪೆ ಥರ ಘಮ ಘಮ. ಅಲ್ಲಿಗೆ ತಪ್ಪು ಟ್ಯಾಂಕಲ್ಲಲ್ಲ, ಟ್ಯಾಂಕಿಂದ ನಲ್ಲಿಗೆ ಬರೋ ಪೈಪಲ್ಲಿ (ಅದಕ್ಕೇ ಲೈನ್ ಅನ್ನೋದು) ಅಂತ ಇಬ್ರಿಗೂ ಗೊತ್ತಾಯ್ತು. "ಲೈನ್ ಯಾವಾಗ ತೊಳೆದಿದ್ದು?" ಅಂದೆ. "ಟ್ಯಾಂಕ್ ನಂದು ಸರ್, ಲೈನು ಬಾರ್‌ನೋರದ್ದು" ಅಂದ.

ಸಮಸ್ಯೆ ಅದೇ ಗುರು. ಟ್ಯಾಂಕಿಂದ ನಲ್ಲಿಗೆ ಹತ್ತು ಮೀಟರ್ ಪೈಪ್ ಇದ್ದು ಒಳಗಿನ ಅಗಲ 3/8 ಇಂಚು ಇದ್ರೆ ಸುಮಾರು 700 ಎಂಎಲ್ ಬಿಯರ್ ಪೈಪಲ್ಲೇ ನಿಂತಿರತ್ತೆ, ಅಂದ್ರೆ ಜಾಸ್ತಿ ಓಡದ ನಲ್ಲಿಯಿಂದ ನಿಮಗೆ ಬರೋ ಮೊದಲ ಗ್ಲಾಸು ಟ್ಯಾಂಕ್ ಬಿಯರಲ್ಲ, ಪೈಪ್ ಬಿಯರ್. ಆ ಪೈಪಲ್ಲಿ ಬ್ಯಾಕ್ಟೀರಿಯಾ ಲೋಳೆ ಕಟ್ಟಿದ್ರೆ ಬೆಣ್ಣೆ, ವಿನಿಗರ್ ಎಲ್ಲಾ ಅಲ್ಲಿಂದಾನೇ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ 14 ದಿನಕ್ಕೊಂದ್ಸಲ ಕಾಸ್ಟಿಕ್ (ಕ್ಷಾರದ ಕೆಮಿಕಲ್) ಹಾಕಿ ಲೈನ್ ತೊಳೀರಿ ಅನ್ನತ್ತೆ. ಇಲ್ಲಿ ನಲ್ಲಿಯ ಮೂತಿ ಅಂಟಂಟಾಗಿತ್ತು, ಸುತ್ತ ಸಣ್ಣ ನೊಣ ಹಾರಾಡ್ತಿತ್ತು, ಕೇಳೋದೇ ಬೇಕಿರ್ಲಿಲ್ಲ. ಲಕ್ಷಗಟ್ಟಲೆ ಸುರಿದು ಟ್ಯಾಂಕ್ ತಂದು ಗಾಜಿನೊಳಗೆ ನಿಲ್ಲಿಸೋರಿಗೆ ಒಂದು ಬ್ರಷ್ಷು, ಒಂದ್ ಡಬ್ಬ ಕೆಮಿಕಲ್ ಭಾರ ಆಯ್ತಾ?

ಗ್ಲಾಸ್ ಬದಲಾಯಿಸಿ ಕೊಟ್ರು, ಬಿಲ್ಲಲ್ಲಿ ಹಾಕ್ಲಿಲ್ಲ, ಅದಕ್ಕೆ ಥ್ಯಾಂಕ್ಸ್. ಊಟ ಸುಮಾರು, ಕಾಂಗ್ರೆಸ್ ಕಡ್ಲೆಕಾಯಿ ಮಾತ್ರ ಗರಿಗರಿ, ಎರಡನೇ ಪ್ಲೇಟ್ ತರಿಸ್ಕೊಂಡ್ವಿ. ರೇಟು ಜಾಸ್ತೀನೇ, ಅರ್ಧ ಲೀಟರಿಗೆ ಟ್ಯಾಕ್ಸ್ ಸೇರಿ 400ರ ಮೇಲೆ.

ಹೋಗೋರು ಶುಕ್ರವಾರ ಶನಿವಾರ ರಾತ್ರಿ ಹೋಗಿ, ರಶ್ ಇರತ್ತೆ ನಿಜ ಆದ್ರೆ ಎಲ್ಲಾ ನಲ್ಲೀನೂ ಓಡ್ತಿರತ್ತೆ. ಹೆಫೆ ಕಣ್ಮುಚ್ಚಿ ಆರ್ಡರ್ ಮಾಡಿ. ಬೇರೆ ಯಾವುದಾದ್ರೂ ಮೊದಲು ಟೇಸ್ಟರ್ (ರುಚಿ ನೋಡೋಕೆ ಚಿಕ್ಕ ಗ್ಲಾಸ್) ಕೇಳಿ, ದುಡ್ಡಿಲ್ದೆ ಕೊಡ್ತಾರೆ, ಅದ್ರಲ್ಲಿ ಬೆಣ್ಣೆ ವಾಸನೆ ಬಂದ್ರೆ ಸಪ್ಲೈಯರ್ ಹತ್ರ ವಾದ ಮಾಡ್ಬೇಡಿ, ಬ್ರೂವರ್‌ನ ಕರೀರಿ.